ಮುಖ್ಯ ಅತಿಥಿಯ ಕುರ್ಚಿ

ಗೋವಿಂದಮ್ಮನನ್ನು ಮೊದಲ ಸಲ ನೋಡಿದವರೆಲ್ಲ ಅವಳನ್ನು ಫೈನಾನ್ಸ್‌ನವಳು ಅಂದುಕೊಂಡರು. ಇದನ್ನು ಬರೆಯುತ್ತಿರುವವನೂ ಅಂದುಕೊಂಡಿದ್ದ. ಅಂದುಕೊಳ್ಳದೆ ಇನ್ನೇನು? ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗೆ ಯಾವುದಾದರೂ ಊರಿನ ಕೊನೇ ಬೀದಿ, ಆ ಬೀದಿಯ ಕೊನೇ ಮನೆ. ಅದರೊಳಗಿಂದ ಒಬ್ಬ ಹೆಂಗಸು ಪ್ಲಾಸ್ಟಿಕ್ ಕುರ್ಚಿಯನ್ನು ತಲೆಗೆ ಕವುಚಿಕೊಂಡು, ಕಂಕುಳಲ್ಲಿ ಟೇಬಲ್ ಫ್ಯಾನು ಅವುಚಿಕೊಂಡು, ಕೈಚೀಲದಲ್ಲಿ ಸ್ಟೀಲ್ ಲೋಟಗಳನ್ನು ಗಲಗಲ ಅನ್ನಿಸುತ್ತಾ ಹೊರಗೆ ಬರುತ್ತಾಳೆ. ಹಿಂದೆ ಬಾಗಿಲಲ್ಲಿ ಮನೆಯೊಡತಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿರುತ್ತಾಳೆ. ಇದನ್ನು ಕಂಡವರಿಗೆ ಸಾಲದ ಕಂತು ಕಟ್ಟದ ಮನೆಯ ಸಾಮಾನು ಎತ್ತಿಕೊಂಡು ಹೋಗುತ್ತಿದ್ದಾಳೆ ಅಂತಲ್ಲದೆ, ಸಮಾಜಸೇವೆ ಮಾಡುತ್ತಿದ್ದಾಳೆ ಅಂತ ಅನ್ನಿಸಲು ಸಾಧ್ಯವೇ?

ಬೈಕಿನಲ್ಲಿ ಹೋಗುತ್ತಿದ್ದ ಯಾವನೋ ಪುಣ್ಯಾತ್ಮ ಇದನ್ನು ವಿಡಿಯೋ ಮಾಡಿ, ಹಿನ್ನೆಲೆಗೆ ಶೋಕದ ಸಂಗೀತ ಹಾಕಿ, ‘ಬಡವರ ಕುರ್ಚಿಯನ್ನೂ ಬಿಡದ ರಾಕ್ಷಸಿ’ ಅಂತ ವಾಟ್ಸಾಪಿಗೆ ಬಿಟ್ಟ. ಅದು ಎರಡು ತಾಲ್ಲೂಕು ಸುತ್ತಾಡಿ, ಸಾಕಷ್ಟು ಜನರ ಕರುಳು ಹಿಂಡಿ, ಕಡೆಗೆ ಸೋಸಲೆಯ ರಘೂತ್ತಮರಾಯರ ಮೊಬೈಲಿಗೂ ಬಂತು. ನಿವೃತ್ತ ಲೆಕ್ಚರರಾದ ರಾಯರು ನರಸೀಪುರದ ‘ಕಪಿಲಾ ಕಾವೇರಿ ಸಂಗಮ ಸಮಗ್ರ ಜನಕಲ್ಯಾಣ ಸೇವಾ ಪ್ರತಿಷ್ಠಾನ’ದ ಸ್ಥಾಪಕ ಅಧ್ಯಕ್ಷರು. ಅವರ ಆಫೀಸು ಒಂದೇ ಕೋಣೆ. ಬೋರ್ಡು ಮಾತ್ರ ಮುಂದಿನ ಗೋಡೆಯಲ್ಲಿ ಹಿಡಿಸದೆ, ‘ಪ್ರತಿಷ್ಠಾನ’ ಅನ್ನುವುದು ಮೂಲೆ ತಿರುಗಿ ಪಕ್ಕದ ಓಣಿಗೆ ಹೋಗಿದೆ. ರಾಯರು ವಿಡಿಯೋ ನೋಡಿ ಕಣ್ಣೊರೆಸಿಕೊಂಡು, ‘ಮಾನವೀಯತೆ ಎತ್ತ ಸಾಗುತ್ತಿದೆ?’ ಅಂತ ಬರೆದು ಪ್ರತಿಷ್ಠಾನದ ಗ್ರೂಪಿಗೆ ಹಾಕಿದರು. ರಾಕ್ಷಸಿ ಆ ಗ್ರೂಪಿನಲ್ಲೇ ಇದ್ದಳು. ತಮ್ಮ ಸಂಸ್ಥೆಯಲ್ಲೇ ಸಂಬಳಕ್ಕಿರುವ ಗೋವಿಂದಮ್ಮನ ಸೀರೆಯನ್ನು ರಾಯರು ಗುರುತಿಸಲಿಲ್ಲ. ಗೋವಿಂದಮ್ಮ ಅದಕ್ಕೆ ಕೈಮುಗಿಯುವ ಚಿತ್ರವೊಂದನ್ನು ಕಳಿಸಿ ಸುಮ್ಮನಾದಳು.

ಸಂಗತಿ ಇಷ್ಟೇ. ರೇಷನ್ ಕಾರ್ಡು, ಪಿಂಚಣಿ, ಮನೆ, ಯಾವುದಕ್ಕೇ ಅರ್ಜಿ ಹಾಕಿದರೂ ಒಂದು ದಿನ ಸಾಹೇಬರೊಬ್ಬರು ಮನೆ ನೋಡಲು ಬರುತ್ತಾರೆ. ನಮ್ಮ ಕಡೆಯ ಜನಕ್ಕೆ ಮನೆಗೆ ಒಬ್ಬರು ಬರುತ್ತಾರೆ ಅಂದರೆ ಸಾಕು, ಕೈಕಾಲು ಆಡುವುದಿಲ್ಲ. ಬಂದವರನ್ನು ನೆಲದ ಮೇಲೆ ಕೂರಿಸುವುದು ಹೇಗೆ? ಅಲ್ಯೂಮಿನಿಯಂ ಲೋಟದಲ್ಲಿ ಬೆಲ್ಲದ ಕಾಫಿ ಕೊಡುವುದು ಹೇಗೆ? ಸರಿ, ಎದುರು ಮನೆಯಿಂದ ಕುರ್ಚಿ, ಹಿಂದಿನ ಮನೆಯಿಂದ ಫ್ಯಾನು, ಡೇರಿಯವರಿಂದ ಹಾಲು, ಯಾರ ಮಗಳ ಮದುವೆಗೋ ಕೊಟ್ಟ ಬೆಡ್‌ಶೀಟು. ಬೀದಿಯೇ ನಿಂತು ಮನೆ ಸಿಂಗರಿಸುತ್ತದೆ. ಸಾಹೇಬರು ಬರುತ್ತಾರೆ, ಕುರ್ಚಿಯಲ್ಲಿ ಕೂರುತ್ತಾರೆ, ಫ್ಯಾನಿನ ಗಾಳಿಯಲ್ಲಿ ಸಕ್ಕರೆ ಕಾಫಿ ಕುಡಿಯುತ್ತಾರೆ, ‘ಸ್ಥಿತಿವಂತರು’ ಅಂತ ಬರೆದುಕೊಂಡು ಹೋಗುತ್ತಾರೆ. ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಸಾಹೇಬರು ಕಂಡದ್ದನ್ನು ಬರೆದರು. ಮನೆಯವರು ಮರ್ಯಾದೆ ಮಾಡಿದರು. ಅರ್ಜಿ ವಜಾ ಆಯಿತು.

ಗೋವಿಂದಮ್ಮನ ಕೆಲಸ ಸಾಹೇಬರಿಗಿಂತ ಮೊದಲು ಆ ಮನೆ ಹೊಕ್ಕು, ತಂದದ್ದನ್ನೆಲ್ಲ ತಂದವರಿಗೆ ಒಪ್ಪಿಸಿ, ಬಡವರ ಮನೆಯನ್ನು ಮತ್ತೆ ಬಡವರ ಮನೆ ಮಾಡುವುದು.

ಇದನ್ನು ಅವಳಿಗೆ ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. ಹೆಡತಲೆಯ ಅವಳ ಗಂಡ ಕಾಮಾಲೆಯಾಗಿ ಹೋದಾಗ ಅವಳಿಗೆ ಇನ್ನೂ ಪ್ರಾಯ. ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದಳು. ಸಾಹೇಬರು ಬರುವ ದಿನ ಅತ್ತೆ ಎದ್ದವಳೇ ಊರೆಲ್ಲ ತಿರುಗಿ ಒಂದು ಬೆತ್ತದ ಕುರ್ಚಿ, ಹಿತ್ತಾಳೆ ಚೊಂಬು, ಒಂದು ಗೋಡೆ ಗಡಿಯಾರ ತಂದಳು. “ನನ್ ಮಗ ಓದ್ರೂ ಮನೆ ಮರ್ವಾದೆ ಓಗ್ಬಾರ್ದು” ಅಂದಳು ಅತ್ತೆ. ಮರ್ಯಾದೆ ಉಳಿಯಿತು, ವೇತನ ಬರಲಿಲ್ಲ. ಮತ್ತೊಮ್ಮೆ ಅರ್ಜಿ ಹಾಕಿ ಅದು ಬರುವ ಹೊತ್ತಿಗೆ ಅತ್ತೆ ಇರಲಿಲ್ಲ. ಕಡೆಯ ಕಾಲದಲ್ಲಿ ಆಸ್ಪತ್ರೆಗೆ ತೋರಿಸಲಾಗದೆ, ಗೋವಿಂದಮ್ಮ ಅವಳ ಕಾಲು ಒತ್ತುತ್ತಾ ಕೂತಿದ್ದಳು. ಗಡಿಯಾರ ಕೊಟ್ಟಿದ್ದ ಮನೆಯವರು ಅಷ್ಟರಲ್ಲಿ ಅದನ್ನು ವಾಪಸ್ ಇಸಿದುಕೊಂಡಿದ್ದರು. ಗೋಡೆಯಲ್ಲಿ ಮೊಳೆ ಉಳಿದಿತ್ತು.

ಆಮೇಲೆ ನಂಜನಗೂಡಿನ ಛತ್ರವೊಂದರಲ್ಲಿ ಕಸ ಗುಡಿಸಿಕೊಂಡಿದ್ದವಳು, ತನ್ನಂಥ ಹೆಂಗಸರನ್ನು ಕೈಹಿಡಿದು ತಾಲ್ಲೂಕು ಆಫೀಸಿಗೆ ಕರೆದುಕೊಂಡು ಹೋಗುತ್ತಾ ಹೋಗುತ್ತಾ, ರಾಯರ ಕಣ್ಣಿಗೆ ಬಿದ್ದು, ‘ಸಮುದಾಯ ಸಂಯೋಜಕಿ’ ಆದಳು. ಅದನ್ನು ಪೂರ್ತಿ ಉಚ್ಚರಿಸುವುದಕ್ಕೆ ರಾಯರೊಬ್ಬರಿಗೇ ಆಗುತ್ತಿದ್ದದ್ದು. ಮಿಕ್ಕವರಿಗೆ ಅವಳು ‘ಕುರ್ಚಿ ಗೋವಿಂದಮ್ಮ’.

ಕುರ್ಚಿ ಗೋವಿಂದಮ್ಮ ಒಂದು ಪಾಠ ಕಲಿತಿದ್ದಳು. ಯಾವ ಮನೆಗೆ ಹೋಗಿ “ಇದು ಯಾರ್ದು?” ಅಂದರೂ “ನಮ್ದೇ ಕಣಕ್ಕ” ಅನ್ನುತ್ತಾರೆ. ಎರವಲು ಅಂತ ಬಾಯಿಬಿಟ್ಟು ಹೇಳುವುದಕ್ಕಿಂತ ಕಾರ್ಡು ಹೋದರೂ ಪರವಾಗಿಲ್ಲ ಅನ್ನುವ ಜನ. ಹಾಗಾಗಿ ಅವಳು ಕೇಳುವುದನ್ನೇ ಬಿಟ್ಟಿದ್ದಳು. ನೋಡಿದರೆ ಗೊತ್ತಾಗುತ್ತಿತ್ತು. ಮನೆಗೆ ಒಗ್ಗಿದ ಸಾಮಾನಿಗೂ ನಿನ್ನೆ ಬಂದ ಸಾಮಾನಿಗೂ ವ್ಯತ್ಯಾಸ ಇರುತ್ತದೆ ಅನ್ನುವುದು ಅವಳ ನಂಬಿಕೆ. ಆ ನಂಬಿಕೆ ಬಹಳ ಮನೆಗಳಲ್ಲಿ ಸುಳ್ಳಾಗಿರಲಿಲ್ಲ.

ಸೋಸಲೆ ದಾಟಿ ಹೊಳೆಯ ಕಡೆ ತಿರುಗಿದರೆ ಹೊಸಬೀದಿ ಅಂತ ಒಂದು ಬೀದಿ ಇದೆ. ಹೊಸದಾಗಿದ್ದ ಕಾಲದಲ್ಲಿ ಇಟ್ಟ ಹೆಸರು. ಅಲ್ಲಿ ಶೀಟು ಹೊದಿಸಿದ ಒಂದು ಕೋಣೆಯಲ್ಲಿ ಕೆಂಪಯ್ಯ, ಮಂಚಮ್ಮ ಅಂತ ಗಂಡ ಹೆಂಡತಿ. ಮಕ್ಕಳಿರಲಿಲ್ಲ. ಕೆಂಪಯ್ಯ ನರಸೀಪುರದ ಮರಿಯಯ್ಯನ ಶಾಮಿಯಾನ ಅಂಗಡಿಯಲ್ಲಿ ಆಳು. ಮದುವೆ, ತಿಥಿ, ಸನ್ಮಾನ, ರಾಜಕೀಯದ ಸಭೆ, ಏನೇ ಇರಲಿ, ಕಂಬ ನೆಟ್ಟು, ಬಟ್ಟೆ ಎಳೆದು ಕಟ್ಟಿ, ಕುರ್ಚಿ ಸಾಲು ಹಾಕುವವನು ಅವನು. ಎಲ್ಲರೂ ಕೂತ ಮೇಲೆ ಅವನು ಕಂಬದ ಮರೆಗೆ ಹೋಗಿ, ಮಡಿಸಿಟ್ಟ ಜಮಖಾನದ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಯಾರು ಯಾವ ಸಾಲಿಗೆ ಬರುತ್ತಾರೆ, ಯಾರು ಹಿಂದಿನ ಸಾಲಿನಲ್ಲಿ ಕೂತು ಮುಂದಿನ ಸಾಲನ್ನೇ ನೋಡುತ್ತಿರುತ್ತಾರೆ, ಯಾರು ಮೈಕು ಕೈಗೆ ಬಂದರೆ ಬಿಡುವುದಿಲ್ಲ, ಎಲ್ಲ ಅವನಿಗೆ ಬಾಯಿಪಾಠ. ಮನೆಗೆ ಬಂದು ಮಂಚಮ್ಮನಿಗೆ ಅಭಿನಯ ಮಾಡಿ ತೋರಿಸುತ್ತಿದ್ದ. ಅವಳು ನಕ್ಕು ನಕ್ಕು ಒಲೆ ಊದುವುದನ್ನು ಮರೆಯುತ್ತಿದ್ದಳು.

ಒಂದು ಸಮಾರಂಭದಲ್ಲಿ ಯಾರೋ ಭಾರಿ ಮನುಷ್ಯರು, ಭಾಷಣಕ್ಕೆ ಕರೆದ ಖುಷಿಗೆ ಕೈ ಊರಿ ಎದ್ದಾಗ, ವೇದಿಕೆಯ ಕೆಂಪು ಮಖಮಲ್ಲಿನ ಕುರ್ಚಿಯ ಒಂದು ಕೈ ಮುರಿಯಿತು. ಅದು ಮುಖ್ಯ ಅತಿಥಿಯ ಕುರ್ಚಿ. ಮರಿಯಯ್ಯ ಅದನ್ನು ಗೋಡೌನಿನ ಹಿಂದಕ್ಕೆ ಎಸೆಸಿದ. ಕೆಂಪಯ್ಯ ಅದನ್ನು ಎತ್ತಿಕೊಂಡು ಬಂದು, ಕೈಗೆ ತಂತಿ ಸುತ್ತಿ ಬಿಗಿದು, ಬಾಗಿಲ ಹತ್ತಿರ ಮಡಗಿದ.

“ಇದ್ರಲ್ಲಿ ಯಾರ್ ಕುಂತ್ಕತಾರೆ ನಮ್ಮನೇಲಿ?” ಅಂದಳು ಮಂಚಮ್ಮ.

“ನೀನೇ ಕುಂತ್ಕಳಮ್ಮಿ. ಮದ್ವೇಲೂ ನಿನ್ನ ಚಾಪೆ ಮೇಲೇ ಕುಂಡ್ರುಸುದ್ರು.”

ಅವಳು ಸೆರಗು ಸರಿಮಾಡಿಕೊಂಡು ಕೂತಳು. ಕೂತದ್ದೇ ನಾಚಿಕೆಯಾಗಿ ಎದ್ದಳು.

ಆಮೇಲೆ ಅದು ಅವನಿಗೇ ಬೇಕಾಯಿತು. ಒಂದು ಮದುವೆಯ ಚಪ್ಪರ ಬಿಚ್ಚುವಾಗ ಕೆಂಪಯ್ಯ ಕಂಬದ ತುದಿಯಿಂದ ಬಿದ್ದ. ಸೊಂಟದಿಂದ ಕೆಳಗೆ ಸ್ವಾಧೀನವೇ ಉಳಿಯಲಿಲ್ಲ. ದಿನಾ ಬೆಳಗ್ಗೆ ಮಂಚಮ್ಮ ಅವನ ಕಂಕುಳಿಗೆ ಕೈಕೊಟ್ಟು ಎತ್ತಿ ಆ ಕುರ್ಚಿಯಲ್ಲಿ ಕೂರಿಸಿ, ಜಾರದ ಹಾಗೆ ಟವಲಿನಿಂದ ಕಟ್ಟಿ, ಕಬ್ಬಿನ ಗದ್ದೆಗೆ ಕೂಲಿಗೆ ಹೋಗುತ್ತಿದ್ದಳು. ಅವನು ಬೀದಿಗೆ ಮುಖ ಮಾಡಿ ಕೂತಿರುತ್ತಿದ್ದ. ಹೋಗುವವರು ಬರುವವರು “ಏನ್ ಕೆಂಪಣ್ಣ, ಸಭೆ ಸುರುವಾಯ್ತಾ?” ಅನ್ನುವರು. “ಅಧ್ಯಕ್ಷರು ಬಂದಿಲ್ಲ ಕಣ್ಲಾ, ಬಂದೇಟ್ಗೆ ಸುರು” ಅನ್ನುವನು. ಮೇಕೆ ಯಾರ ಮನೆಗೆ ನುಗ್ಗಿತು, ಬಸ್ಸು ಬಂತೋ ಹೋಯಿತೋ, ಯಾರ ಮನೆಗೆ ನೆಂಟರು ಬಂದರು ಅನ್ನುವುದನ್ನು ಬೀದಿಯವರು ಅವನನ್ನೇ ಕೇಳಬೇಕು. ಮಲಗಿದರೆ ಅವನಿಗೆ ಶೀಟಿನ ತೂತು ಮಾತ್ರ ಕಾಣುತ್ತಿತ್ತು. ಕೂತರೆ ಊರು ಕಾಣುತ್ತಿತ್ತು.

ಕೂಲಿಯಲ್ಲಿ ಎರಡು ಹೊಟ್ಟೆ ನಡೆಯುವುದೇ ಕಷ್ಟ. ಅದರ ಮೇಲೆ ಅವನ ಬೆನ್ನ ಕೆಳಗೆ ಹುಣ್ಣು ಬೇರೆ. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ತೋರಿಸಬೇಕಾದರೂ, ತಿಂಗಳ ಅಕ್ಕಿಗಾದರೂ ಬೇಕಾದದ್ದು ಒಂದು ರೇಷನ್ ಕಾರ್ಡು. ಇವರಲ್ಲಿ ಇದ್ದ ಹಳೆಯದು ಯಾವುದೋ ಕಾರಣಕ್ಕೆ ರದ್ದಾಗಿತ್ತು. ಕಡುಬಡವರಿಗೆ ಕೊಡುವ ಅಂತ್ಯೋದಯ ಕಾರ್ಡಿಗೆ ಅರ್ಜಿ ಹಾಕಿದ್ದರು, ಆಹಾರ ಇಲಾಖೆಯ ಇನ್‌ಸ್ಪೆಕ್ಟರು ಮನೆ ನೋಡಿಕೊಂಡೂ ಹೋಗಿದ್ದರು. ಬೀದಿಯವರು ಎಂದಿನಂತೆ ಮನೆ ಸಿಂಗರಿಸಿದ್ದರು. ಅರ್ಜಿ ಎಂದಿನಂತೆ ವಜಾ ಆಗಿತ್ತು.

ಗೋವಿಂದಮ್ಮ ತಾಲ್ಲೂಕು ಆಫೀಸಿನಲ್ಲಿ ಆ ಇನ್‌ಸ್ಪೆಕ್ಟರನ್ನು ಹಿಡಿದು ಕೇಳಿದಳು.

“ಯಾವ್ ಕೆಂಪಯ್ಯ?” ಅಂದರು ಅವರು. “ಓ, ಆ ಹೊಸಬೀದಿಯವನಾ? ಅಯ್ಯೋ ಗೋವಿಂದಮ್ಮ, ಇಸ್ತ್ರಿ ಅಂಗಿ ಹಾಕ್ಕೊಂಡು ಮಖಮಲ್ ಕುರ್ಚೀಲಿ ಮಹಾರಾಜನ ಹಂಗೆ ಕೂತಿದ್ದ ಕಣಮ್ಮ. ನನಗೆ ಪ್ಲಾಸ್ಟಿಕ್ ಕುರ್ಚಿ ಕೊಟ್ರು. ನಾನೇ ಅರ್ಜಿ ಕೊಡಾಕೆ ಬಂದವನ ಥರ ಕೂತಿದ್ದೆ.”

“ಇನ್ನೊಂದ್ಸಲ ಬಂದು ನೋಡಿ ಸಾ. ಕಾಲಿಲ್ದೋನು.”

ಇನ್‌ಸ್ಪೆಕ್ಟರು ಕೆಟ್ಟವರಲ್ಲ. ಬರುತ್ತೇನೆ ಅಂದರು. ದಿನ ಹೇಳಿದರು.

ಆ ದಿನ ಬೆಳಗ್ಗೆಯೇ ಗೋವಿಂದಮ್ಮ ಹೆಡತಲೆ ಬಿಟ್ಟು, ನಂಜನಗೂಡಿನಲ್ಲಿ ಬಸ್ಸು ಬದಲಿಸಿ, ಸುತ್ತೂರು ದಾಟಿ, ನರಸೀಪುರದಲ್ಲಿಳಿದು ಮತ್ತೊಂದು ಹತ್ತಿ ಹೊಸಬೀದಿಗೆ ಬಂದಳು. ಮಂಚಮ್ಮ ಅಷ್ಟರಲ್ಲಿ ಎದುರು ಮನೆಯಿಂದ ಎರಡು ಕುರ್ಚಿ, ಒಂದು ಸ್ಟೂಲು, ಹೂವಿನ ಚಿತ್ರದ ಲೋಟಗಳನ್ನು ತಂದು ಸಾಲಾಗಿ ಇಟ್ಟಿದ್ದಳು. ಗೋವಿಂದಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ಒಂದೊಂದನ್ನೇ ಎತ್ತಿ ಎದುರು ಮನೆಗೆ ಒಪ್ಪಿಸಿದಳು. ಕಡೆಗೆ ಬಾಗಿಲ ಪಕ್ಕದ ಕುರ್ಚಿಯ ಮುಂದೆ ನಿಂತಳು. ಕೆಂಪಯ್ಯ ಅದರಲ್ಲಿ ಕೂತಿದ್ದ. ಇಸ್ತ್ರಿ ಅಂಗಿ ಹಾಕಿದ್ದ.

“ಇದು ಮರಿಯಯ್ಯನೋರ ಅಂಗ್ಡೀದು ಅಲ್ವೇನಮ್ಮ?” ಅಂದಳು.

“ಇಲ್ಲ ಕಣಕ್ಕ, ನಮ್ದೇ” ಅಂದಳು ಮಂಚಮ್ಮ.

“ಎಲ್ರೂ ಅಂಗೇ ಅಂತೀರಿ.”

“ನಮ್ಮಪ್ಪನಾಣೆ ಕಣಕ್ಕ. ಬಿಸಾಕಿದ್ದುನ್ನ ಇವ್ರು ತಂದು...”

ಬಿಸಾಕಿದ್ದು ಅಂತ ಗೋವಿಂದಮ್ಮನಿಗೆ ಅನ್ನಿಸಲಿಲ್ಲ. ಮಂಚಮ್ಮ ದಿನಾ ಒರೆಸಿ ಒರೆಸಿ ಆ ಮಖಮಲ್ಲು ಇವತ್ತು ಬೆಳಗ್ಗೆ ಗೋಡೌನಿನಿಂದ ಬಂದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ತಂತಿ ಸುತ್ತಿದ ಕೈಯ ಮೇಲೆ ಕೆಂಪಯ್ಯನ ಟವಲು ಬಿದ್ದಿತ್ತು. ಅದು ಕಾಣಲಿಲ್ಲ.

“ನೋಡಮ್ಮ, ಈ ಕುರ್ಚಿಯಿಂದ್ಲೇ ಓದ್ಸಲ ನಿಮ್ ಕಾರ್ಡು ಓಗಿದ್ದು. ಈ ಸಲಾನೂ ಓಯ್ತು ಅಂದ್ರೆ ಇನ್ ನಾನು ಏನೂ ಮಾಡಕ್ಕಾಗಕಿಲ್ಲ” ಅಂದಳು.

ಮಂಚಮ್ಮ ಏನೋ ಹೇಳಲು ಬಾಯಿ ತೆರೆದಳು. ಕೆಂಪಯ್ಯ ತಡೆದ. “ಬುಡು ಮಂಚಿ. ಕಾರ್ಡಾಗ್ಲಿ. ಸಭೆ ಮುಗುದ್ಮೇಲೆ ಕುರ್ಚಿ ಎತ್ಲೇಬೇಕಲ್ಲ. ನಾನು ಎತ್ತಿಲ್ವಾ ಎಷ್ಟು ಜನದ್ದು?” ಅಂದು ನಕ್ಕ. ನಕ್ಕವನು ಗೋವಿಂದಮ್ಮನ ಕಡೆ ನೋಡಿ, “ತಿರ್ಗಾ ಬತ್ತದಲ್ವಾ ತಾಯಿ?” ಅಂದ.

“ಬತ್ತದೆ ಬುಡಣ್ಣ” ಅಂದಳು ಗೋವಿಂದಮ್ಮ. ಎಲ್ಲ ಮನೆಯಲ್ಲೂ ಹೇಳುವ ಮಾತು.

ಇಬ್ಬರೂ ಸೇರಿ ಅವನನ್ನು ಚಾಪೆಗೆ ಇಳಿಸಿದರು. ಇಸ್ತ್ರಿ ಅಂಗಿ ಬಿಚ್ಚಿಸಿ ಬನಿಯನ್ನಿನಲ್ಲಿ ಮಲಗಿಸಿದರು. ಗೋವಿಂದಮ್ಮ ಕುರ್ಚಿಯನ್ನು ತಲೆಗೇರಿಸಿಕೊಂಡು ಬಸ್ ಸ್ಟಾಪಿಗೆ ನಡೆದಳು.

ಕಂಡಕ್ಟರ್ ಬಾಗಿಲಲ್ಲೇ ತಡೆದ. “ಏನಮ್ಮ, ಸಿಂಹಾಸನನೇ ತಂದ್ಬುಟ್ಟಿದ್ದೀಯ? ಹೆಂಗಸರಿಗೆ ಮಾತ್ರ ಫ್ರೀ. ಕುರ್ಚಿಗೆ ಲಗೇಜು.”

“ಇದೂ ಎಂಗ್ಸೇ ಕಣಪ್ಪ. ಆಧಾರ್ ಮನೇಲಿ ಬುಟ್ಟು ಬಂದದೆ.”

ಬಸ್ಸೆಲ್ಲ ನಕ್ಕಿತು. ಕಂಡಕ್ಟರೂ ನಕ್ಕು ಬಿಟ್ಟುಕೊಟ್ಟ. ಒಬ್ಬ ಅಜ್ಜಿಗೆ ಸೀಟಿರಲಿಲ್ಲ. ಗೋವಿಂದಮ್ಮ ಆ ಅಜ್ಜಿಯನ್ನು ನಡುದಾರಿಯಲ್ಲಿ ಮಖಮಲ್ಲಿನ ಮೇಲೆ ಕೂರಿಸಿದಳು. ಅಜ್ಜಿ ನರಸೀಪುರದವರೆಗೂ ಸೆಟೆದು ಕೂತು, ನಿಂತವರನ್ನೆಲ್ಲ ಒಂದು ಥರ ನೋಡುತ್ತಾ ಬಂದಳು. ಕುರ್ಚಿಯ ಗುಣ.

ಮರಿಯಯ್ಯ ಅಂಗಡಿಯಲ್ಲಿ ಫೋನಿನಲ್ಲಿದ್ದ. ಕುರ್ಚಿಯನ್ನು ನೋಡಿಯೂ ನೋಡದವನ ಹಾಗೆ, “ನಮ್ದಾ? ಮಡಗೋಗಮ್ಮ ಅಲ್ಲಿ” ಅಂತ ಕೈ ತೋರಿಸಿದ. ವ್ಯಾಪಾರಸ್ಥನಿಗೆ ಬಂದ ಕುರ್ಚಿಯನ್ನು ಬೇಡ ಅನ್ನುವ ಅಭ್ಯಾಸ ಇರುವುದಿಲ್ಲ.

ಇನ್‌ಸ್ಪೆಕ್ಟರು ಆ ದಿನ ಬರಲಿಲ್ಲ. ಯಾರೋ ಮಂತ್ರಿಗಳು ಬರುವವರಿದ್ದರಂತೆ. ಮಾರನೇ ದಿನ ಮಧ್ಯಾಹ್ನ ಬಂದರು. ಅಷ್ಟು ಹೊತ್ತೂ ಕೆಂಪಯ್ಯ ಚಾಪೆಯ ಮೇಲೇ ಇದ್ದ. ಬೀದಿಯಲ್ಲಿ ಹೋಗುವವರು ಬಾಗಿಲಲ್ಲಿ ಅವನು ಕಾಣದೆ, “ಕೆಂಪಣ್ಣ ಎಲ್ಲೋದ?” ಅಂತ ಮಂಚಮ್ಮನನ್ನು ಕೇಳಿದರು. ಒಳಗಿಂದ “ಇವ್ನಿ ಕಣ್ಲಾ” ಅನ್ನುವ ದನಿ ಬಂತೇ ಹೊರತು ಮುಂದಿನ ಮಾತು ಬರಲಿಲ್ಲ.

ಇನ್‌ಸ್ಪೆಕ್ಟರು ಷೂ ಬಿಚ್ಚಿ, ಬಗ್ಗಿ ಒಳಗೆ ಬಂದರು. ಕೂರಲು ಏನೂ ಇರಲಿಲ್ಲವಾಗಿ ನಿಂತೇ ನೋಡಿದರು. ಕೆಂಪಯ್ಯ ಮಲಗಿದ್ದಲ್ಲಿಂದಲೇ ಕೈ ಮುಗಿದ. ಮುಗಿದ ಕೈಯನ್ನು ಮುಖದ ಮೇಲೇ ಇಟ್ಟುಕೊಂಡ. ಪಕ್ಕಕ್ಕೆ ಹೊರಳಲು ನೋಡಿದ, ಆಗಲಿಲ್ಲ.

“ಎದ್ದು ಕೂರೋಕೂ ಆಗಲ್ವೇನಪ್ಪ?” ಅಂದರು ಅವರು, ಮೆತ್ತಗೆ.

“ಕುಂತ್ಕತಿದ್ದೆ ಸಾ” ಅಂದ ಕೆಂಪಯ್ಯ, ಕೈಯ ಹಿಂದಿನಿಂದ. “ನಿನ್ನೆಗಂಟ.”

ಗೋವಿಂದಮ್ಮ ಜೋರಾಗಿ ಕೆಮ್ಮಿದಳು. ಮಂಚಮ್ಮ ಗೋಡೆ ನೋಡಿದಳು. ಇನ್‌ಸ್ಪೆಕ್ಟರು ಬರೆಯುವುದನ್ನು ಬರೆದುಕೊಂಡು, ಹೊರಗೆ ಬಂದು, “ಮಾಡ್ಕೊಡ್ತೀನಿ ಗೋವಿಂದಮ್ಮ. ಮೊದಲ ಸಲವೇ ಹೀಗೆ ಇದ್ದಿದ್ರೆ ಆವತ್ತೇ ಆಗೋಗಿರೋದು” ಅಂದರು.

ಅವರು ಹೋದ ಮೇಲೆ ಗೋವಿಂದಮ್ಮ ಗೆದ್ದವಳ ಹಾಗೆ ಒಳಗೆ ಬಂದು, “ಆಯ್ತು ಕಣಣ್ಣ ನಿನ್ ಕೆಲ್ಸ” ಅಂದಳು.

ಕೆಂಪಯ್ಯ ಮುಖದಿಂದ ಕೈ ತೆಗೆದ. “ಕುರ್ಚಿ ಯಾವಾಗ ಬತ್ತದೆ ತಾಯಿ?”

“ಮರಿಯಯ್ಯನೋರಿಗೆ ಒಪ್ಸಿವ್ನಲ್ಲ.”

“ಅವ್ರುದ್ದಲ್ವಲ್ಲ” ಅಂದ ಅವನು. ಸಿಟ್ಟಿಲ್ಲ, ಏನಿಲ್ಲ. ಮಗುವಿಗೆ ಹೇಳುವ ಹಾಗೆ ಅಂದ. “ಕೈ ಮುರ್ದೋಗಿತ್ತು ಅಂತ ಎಸೆದ್ಬುಟ್ಟಿದ್ರು. ನಾನೇ ತಂತಿ ಸುತ್ತಿದ್ದು. ನೋಡ್ಲಿಲ್ವಾ ನೀನು, ತಂತೀಯ?”

ಗೋವಿಂದಮ್ಮನಿಗೆ ಆಗ ನೆನಪಾಯಿತು. ತಲೆಯ ಮೇಲಿದ್ದಾಗ ಅಂಗೈಗೆ ಏನೋ ಚುಚ್ಚುತ್ತಲೇ ಇತ್ತು. ಅಂಗೈ ಬಿಡಿಸಿ ನೋಡಿಕೊಂಡಳು. ಗೀರು ಇನ್ನೂ ಕೆಂಪಗಿತ್ತು.

ಅವಳು ಆಗಲೇ ಬಸ್ಸು ಹತ್ತಿದಳು. ಮರಿಯಯ್ಯನ ಅಂಗಡಿ ಬಾಗಿಲು ಹಾಕಿತ್ತು. ಎಲ್ಲೋ ಸಮಾರಂಭಕ್ಕೆ ಸಾಮಾನು ಸಾಗಿಸಿದ್ದಾರೆ ಅಂದರು ಪಕ್ಕದವರು. ಬೆಳಗ್ಗೆ ಮತ್ತೆ ಹೋದಳು. ಮರಿಯಯ್ಯ ಇದ್ದ. ಕುರ್ಚಿ ಇರಲಿಲ್ಲ.

“ಅಯ್ಯೋ ಅದ್ರ ಕತೆ ಕೇಳ್ಬೇಡ” ಅಂದ ಮರಿಯಯ್ಯ. “ನಮ್ ಹುಡುಗ್ರು ನೋಡ್ದೆ ಅದನ್ನೂ ಲೋಡ್ ಮಾಡ್ಬುಟ್ಟವ್ರೆ. ನಿನ್ನೆ ನಿಮ್ ರಾಯರ್ದೇ ಪ್ರೋಗ್ರಾಮು, ವಾರ್ಷಿಕೋತ್ಸವ. ವೇದಿಕೆ ಮೇಲೆ ಅವ್ರೇ ಅದ್ರಲ್ಲಿ ಕೂತವ್ರೆ. ಎದ್ದು ದೀಪ ಹಚ್ಚೋಕೆ ಹೋದ್ರೆ ತಂತಿಗೆ ಸಿಕ್ಕಿ ಜರಿ ಶಲ್ಯ ಪರ್ರ್ ಅಂತ. ಮಠದಲ್ಲಿ ಹೊದಿಸಿದ ಶಲ್ಯವಂತೆ. ಮೈಕ್ ಆನಾಗಿತ್ತು, ಊರಿಗೆಲ್ಲ ಕೇಳ್ತು. ‘ಇಂಥಾ ಮುರುಕಲು ಕುರ್ಚಿ ಕೊಟ್ಟು ಅವಮಾನ ಮಾಡ್ತೀಯೇನಯ್ಯ, ಇದನ್ನ ಈಗಿಂದೀಗ ಗುಜರಿಗೆ ಹಾಕು, ನನ್ನ ಕಣ್ಮುಂದೆ ಹಾಕು’ ಅಂದ್ರು. ದೊಡ್ಡ ಗಿರಾಕಿ, ಏನ್ ಮಾಡ್ಲಿ? ಗುಜರಿಯವನು ಅಲ್ಲೇ ಬಾಟ್ಲಿ ಆಯ್ಕೋತಿದ್ದ. ಕೊಟ್ಬುಟ್ಟೆ.”

ವಾರ್ಷಿಕೋತ್ಸವಕ್ಕೆ ಗೋವಿಂದಮ್ಮನನ್ನು ಕರೆದಿದ್ದರು. ಇನ್‌ಸ್ಪೆಕ್ಟರು ಬರುವ ದಿನ ಅಂತ ಅವಳು ಹೋಗಿರಲಿಲ್ಲ.

ಗುಜರಿಯವನನ್ನು ಹುಡುಕಿಕೊಂಡು ಹೋದಳು. ಅವನು ಮಖಮಲ್ಲು ಕಿತ್ತು, ಒಳಗಿನ ನಾರು ಎಸೆದು, ಕಬ್ಬಿಣವನ್ನು ಬೇರೆ ಕಬ್ಬಿಣದ ಜೊತೆ ಕಟ್ಟಿ ಲಾರಿಗೆ ಹಾಕಿಯಾಗಿತ್ತು. ತಂತಿ ಇತ್ತು. “ಬೇಕಾದ್ರೆ ತಗೊಂಡೋಗು” ಅಂದ.

ಗೋವಿಂದಮ್ಮ ಒಂದು ಹೊಸ ಪ್ಲಾಸ್ಟಿಕ್ ಕುರ್ಚಿ ಕೊಂಡು, ಅದನ್ನೇ ತಲೆಯ ಮೇಲಿಟ್ಟುಕೊಂಡು ಹೊಸಬೀದಿಗೆ ಹೋದಳು. ಅರ್ಜಿ ಹಾಕಿದವರ ಮನೆಯೊಳಕ್ಕೆ ಅವಳು ಕುರ್ಚಿ ಹೊತ್ತುಕೊಂಡು ಹೋದದ್ದು ಅದೇ ಮೊದಲು. ಅದನ್ನು ಯಾರೂ ವಿಡಿಯೋ ಮಾಡಲಿಲ್ಲ. ನಡೆದದ್ದನ್ನೆಲ್ಲ ಬಾಗಿಲಲ್ಲೇ ನಿಂತು ಹೇಳಿದಳು. ಮಂಚಮ್ಮ ಕೇಳಿ, “ಓಗ್ಲಿ ಬುಡಕ್ಕ, ನೀನೇನ್ ಬೇಕಂತ ಮಾಡ್ದಾ” ಅಂದು, ಒಲೆಯ ಮುಂದೆ ಕೂತು ಬಹಳ ಹೊತ್ತು ಊದಿದಳು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಕೆಂಪಯ್ಯನನ್ನು ಹೊಸ ಕುರ್ಚಿಗೆ ಎತ್ತಿ ಕೂರಿಸಿ ಟವಲು ಕಟ್ಟಿದರು. ಪ್ಲಾಸ್ಟಿಕ್ಕು ನುಣುಪು. ಅವನು ನಿಧಾನವಾಗಿ ಜಾರಿದ. ಮತ್ತೆ ಕೂರಿಸಿದರು. ಮತ್ತೆ ಜಾರಿದ. ಹುಣ್ಣಿಗೆ ಒತ್ತಿ ಮುಖ ಹಿಂಡಿದ. ಒಮ್ಮೆ ಕುರ್ಚಿಯೇ ಅವನನ್ನು ಹೊತ್ತು ಮಗುಚಿತು.

“ಸಾಕು ಕಣವ್ವ” ಅಂದ ಕೆಂಪಯ್ಯ. “ಮಲೀಕತೀನಿ. ನೋಡೋರೆಲ್ಲ ನೋಡ್ಬುಟ್ರಲ್ಲ, ಇನ್ಯಾರ್ಗೆ ಕುಂತ್ಕಂಡು ತೋರುಸ್ಬೇಕು?”

ಗೋವಿಂದಮ್ಮ ಬಿಡಲಿಲ್ಲ. ನಂಜನಗೂಡಿನ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದಳು. ಅಂಗವಿಕಲರ ಗಾಲಿ ಕುರ್ಚಿಗೆ ಅರ್ಜಿ ಹಾಕಿದಳು. ಅದಕ್ಕೆ ಶಿಬಿರ ಆಗಬೇಕು, ಶಿಬಿರಕ್ಕೆ ದಿನಾಂಕ ಆಗಬೇಕು ಅಂದರು. ಅವಳು ಮೊದಲು ದಿನಾಂಕ ಕೇಳಿ, ಆಮೇಲೆ ಗೋಗರೆದು, ಕಡೆಗೆ ಆ ಆಫೀಸಿನ ಬೆಂಚಿನ ಮೇಲೆ ಸುಮ್ಮನೆ ಹೋಗಿ ಕೂರುವುದಕ್ಕೆ ಶುರುಮಾಡಿದಳು. ಅವಳನ್ನು ಕಂಡರೆ ಗುಮಾಸ್ತರು ಕಾಫಿಗೆ ಎದ್ದು ಹೋಗುತ್ತಿದ್ದರು.

ಕಾರ್ಡು ಬಂತು. ಅದನ್ನು ಸುಮ್ಮನೆ ಮನೆಗೆ ತಲುಪಿಸಿದರೆ ಅದು ಸೇವೆ ಹೇಗಾದೀತು? ರಘೂತ್ತಮರಾಯರು ಬೇರೆ ಶಲ್ಯ ಹೊದ್ದು, ಪ್ರತಿಷ್ಠಾನದ ಬೋರ್ಡಿನ ಕೆಳಗೆ ನಿಂತು, ಮಂಚಮ್ಮನ ಕೈಗೆ ಅದನ್ನು ಕೊಟ್ಟು ಫೋಟೋ ತೆಗೆಸಿಕೊಂಡರು. “ನಗಬೇಕಮ್ಮ, ನಗಬೇಕು” ಅಂದರು. ಮಂಚಮ್ಮ ಹಲ್ಲು ತೋರಿಸಿದಳು. ಅಷ್ಟು ಹೊತ್ತು ಕೆಂಪಯ್ಯ ಮನೆಯಲ್ಲಿ ಒಬ್ಬನೇ ಶೀಟಿನ ತೂತು ನೋಡುತ್ತಿದ್ದ.

ಅಕ್ಕಿ ಬಂತು. ಕಾರ್ಡು ತೋರಿಸಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ಡಾಕ್ಟರಮ್ಮ ಹುಣ್ಣು ನೋಡಿ, “ಸದಾ ಮಲಗಿಸೇ ಇಟ್ಟಿದ್ದೀರಲ್ಲ, ದಿನಾ ಎತ್ತಿ ಮೆತ್ತನೆ ಕುರ್ಚೀಲಿ ಕೂರಿಸಬೇಕು ಅಂತ ಗೊತ್ತಿಲ್ವಾ?” ಅಂದರು. ಮಂಚಮ್ಮ “ಊಂ” ಅಂದಳು. ಜೊತೆಗೆ ಹೋಗಿದ್ದ ಗೋವಿಂದಮ್ಮ ಆ ಮಾತಿಗೆ ವಾರ್ಡಿನಿಂದ ಎದ್ದು ಹೊರಗೆ ಬಂದು, ನಲ್ಲಿಯ ಹತ್ತಿರ ಸುಮ್ಮನೆ ಕೈ ತೊಳೆಯುತ್ತಾ ನಿಂತಳು. ಹುಣ್ಣಿನ ನಂಜು ಆಗಲೇ ಮೈಗೆಲ್ಲ ಏರಿತ್ತು. ವಾಸಿಯ ಮಾತಿಲ್ಲ, ಮನೆಗೇ ಕರಕೊಂಡು ಹೋಗಿ ಅಂದರು. ಆಟೋದಲ್ಲಿ ಬರುವಾಗ ಅವನ ತಲೆ ಮಂಚಮ್ಮನ ತೊಡೆಯ ಮೇಲೆ ಇತ್ತು. ಸೋಸಲೆ ದಾಟುವಾಗ ಅವನು, “ಬಸ್ಸು ಬಂತಾ, ಓಯ್ತಾ?” ಅಂತ ಕೇಳಿದ. ಗೋವಿಂದಮ್ಮ ಕತ್ತು ಹೊರಗೆ ಹಾಕಿ ನೋಡಿ, “ಬತ್ತಾ ಅದೆ ಕಣಣ್ಣ” ಅಂದಳು. ಬಸ್ಸು ಇರಲಿಲ್ಲ.

ಕಬ್ಬಿನ ಕಟಾವು ಶುರುವಾಗುವ ಹೊತ್ತಿಗೆ ಅವನು ಹೋದ.

ತಿಥಿಯ ದಿನ ಮರಿಯಯ್ಯ ತನ್ನ ಖರ್ಚಿನಲ್ಲೇ ಶಾಮಿಯಾನ ಹಾಕಿಸಿದ. ಒಳ್ಳೆಯ ಆಳಾಗಿದ್ದ, ಅಷ್ಟಾದರೂ ಮಾಡಬೇಕು ಅಂದ. ಹೊಸಬೀದಿ ತುಂಬ ಕುರ್ಚಿ ಸಾಲು. ಅಷ್ಟು ಜನ ಬರಲಿಲ್ಲ, ಹಿಂದಿನ ಸಾಲುಗಳು ಖಾಲಿಯೇ ಇದ್ದವು. ಮಂಚಮ್ಮ ಕಂಬದ ಮರೆಗೆ, ಮಡಿಸಿಟ್ಟ ಜಮಖಾನದ ಮೇಲೆ ಕೂತಿದ್ದಳು. ಗೋವಿಂದಮ್ಮ ಹೋಗಿ ಅವಳ ಪಕ್ಕ ಕೂತಳು. ಕುರ್ಚಿಗೆ ಬನ್ನಿ ಅಂತ ಯಾರೋ ಕರೆದರು. ಇಬ್ಬರೂ ಏಳಲಿಲ್ಲ.

ಅಲ್ಲಿಂದೀಚೆಗೆ ಗೋವಿಂದಮ್ಮ “ಇದು ಯಾರ್ದು?” ಅಂತ ಮತ್ತೆ ಕೇಳಲು ಶುರುಮಾಡಿದಳು. “ನಮ್ದೇ” ಅಂದರೆ ಹಾಗೇ ಬಿಟ್ಟುಬಿಡುತ್ತಾಳೆ. ಅವರಲ್ಲಿ ಮುಕ್ಕಾಲು ಜನ ಸುಳ್ಳು ಹೇಳುತ್ತಾರೆ, ಅವರ ಅರ್ಜಿ ವಜಾ ಆಗುತ್ತದೆ, ಇವಳು ಮತ್ತೆ ಹಾಕಿಸುತ್ತಾಳೆ. ಆಫೀಸಿನವರು, “ಏನ್ ಗೋವಿಂದಮ್ಮ, ಇತ್ತೀಚೆಗೆ ನಿಮ್ ಕೇಸುಗಳೆಲ್ಲ ಬಿದ್ದೋಯ್ತಾ ಇವೆ?” ಅನ್ನುತ್ತಾರೆ. “ಬೀಳ್ಲಿ ಬುಡಿ ಸಾ, ಎತ್ತಾನ” ಅನ್ನುತ್ತಾಳೆ.

ಅವಳ ಅರ್ಜಿಗಳು ಬೀಳುತ್ತಿರುವ ವಿಷಯ ರಘೂತ್ತಮರಾಯರಿಗೂ ತಲುಪಿತ್ತು. ಆದರೆ ವಾರ್ಷಿಕ ವರದಿಯ ಕಾಲ. ವರದಿಗೆ ಒಂದು ಯಶೋಗಾಥೆ ಬೇಕು. ಒಂದು ದಿನ ಗೋವಿಂದಮ್ಮನನ್ನು ಕರೆಸಿ, ಎದುರಿಗೆ ನಿಲ್ಲಿಸಿಕೊಂಡು, ಮಂಚಮ್ಮನ ಫೋಟೋ ತೋರಿಸಿದರು.

“ನೋಡಿ ಗೋವಿಂದಮ್ಮ, ಈ ವರ್ಷದ್ದು ಇದೇ. ನಾನೇ ಸ್ವತಃ ಬರೀತಾ ಇದೀನಿ. ಮುಗಿಸೋದು ಹೇಗೆ ಅಂತ ಯೋಚಿಸ್ತಿದ್ದೆ. ಪಾಪ, ಆತ ಹೋಗಿಬಿಟ್ಟ, ಅದು ದೈವೇಚ್ಛೆ. ಆದ್ರೆ ನಮ್ಮಿಂದ ಕೊನೇಗಾಲದಲ್ಲಿ ಒಂದು ಸಂತೋಷ ಸಿಕ್ತಲ್ಲ, ಅದು ಮುಖ್ಯ.” ರಾಯರು ಕನ್ನಡಕ ತೆಗೆದು ಶಲ್ಯದಿಂದ ಒರೆಸಿಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. “ಹೇಳಿ, ನೀವು ಹತ್ತಿರದಿಂದ ನೋಡಿದವರು. ಹೆಂಡ್ತಿ ಹೋಗಿ ಕಾರ್ಡು ಕೈಗಿಟ್ಟಾಗ ಕೆಂಪಯ್ಯ ಖುಷಿಗೆ ಎದ್ದು ಕೂತುಬಿಟ್ಟಿರಬೇಕು, ಅಲ್ವೇ?”

“ಎಲ್ ಕುಂತ್ಕಂಡಾನು ಸಾ?” ಅಂದಳು ಗೋವಿಂದಮ್ಮ. “ಅವ್ನ್ ಕುರ್ಚೀನ ನಾನು ಎತ್ಕಂಡೋದೆ, ನೀವು ಗುಜ್ರಿಗ್ ಹಾಕ್ಸುದ್ರಿ.”